ನಿಗಾ ಇಡುವವರು ಯಾರು?

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಮರಳಿದವರನ್ನು ವಿಚಾರಿಸಿ ನೋಡಿ. ಆಪರೇಷನ್ ಮಾಡಿದ ಡಾಕ್ಟರ ಹೆಸರನ್ನು ತಟ್ಟನೆ ಹೇಳುತ್ತಾರೆ. ಅರಿವಳಿಕೆ ಕೊಟ್ಟ ಡಾಕ್ಟರು ಯಾರೆಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಅರಿವಳಿಕೆ ತಜ್ಞರು ರೋಗಿಯ ಕಣ್ಣಿಗೆ ಬೀಳುವುದೇ ಅರಿವು ಅಳಿಯುವುದಕ್ಕೆ ಕೆಲವು ನಿಮಿಷ ಮೊದಲು, ಮತ್ತೆ ಅರಿವು ಮರಳಿದ ಮೇಲೆ ಕೆಲವು ನಿಮಿಷ. ಅವರ ನಿಜವಾದ ಕೆಲಸವೆಲ್ಲ ನಡೆಯುವುದು ಇವೆರಡರ ನಡುವೆ, ರೋಗಿಗೆ ಏನೊಂದೂ ತಿಳಿಯದ ಹೊತ್ತಿನಲ್ಲಿ.

ಮದ್ದು ಕೊಟ್ಟು ಮಲಗಿಸುವುದು ಆ ಕೆಲಸದ ಸಣ್ಣ ಭಾಗ. ಉಳಿದದ್ದೆಲ್ಲ ಕಾವಲು. ಉಸಿರು, ನಾಡಿ, ರಕ್ತದೊತ್ತಡ, ರಕ್ತದಲ್ಲಿನ ಆಮ್ಲಜನಕ, ಮೈಯ ಬಿಸಿ ಇವನ್ನೆಲ್ಲ ಕ್ಷಣಕ್ಷಣಕ್ಕೂ ನೋಡುತ್ತ, ಏರುಪೇರಾದರೆ ಸರಿಪಡಿಸುತ್ತ, ಮಲಗಿಸಿದವರನ್ನು ಮತ್ತೆ ಎಬ್ಬಿಸುವ ತನಕ ಅವರು ಕಣ್ಣು ಕೀಳುವಂತಿಲ್ಲ. ಇದೇ ಕಾವಲನ್ನು ದಿನಗಟ್ಟಲೆ, ವಾರಗಟ್ಟಲೆ ಮುಂದುವರಿಸುವ ಜಾಗಕ್ಕೆ ಕನ್ನಡದಲ್ಲಿ ‘ತೀವ್ರ ನಿಗಾ ಘಟಕ’ ಎಂಬ ಹೆಸರು ನಿಂತಿದೆ. ‘ನಿಗಾ’ ಪಾರಸಿಯಿಂದ ಬಂದ ಮಾತು. ಮೂಲದಲ್ಲಿ ನೋಟ ಎಂದೇ ಅದರ ಅರ್ಥ. ಇಂಗ್ಲಿಷಿನವರು ಆ ಜಾಗವನ್ನು ಆರೈಕೆಯ ಹೆಸರಿನಿಂದ ಕರೆದರು, ಕನ್ನಡಿಗರು ನೋಟದ ಹೆಸರಿನಿಂದ ಕರೆದರು.

ಈ ನೋಟದಲ್ಲಿ ಪಾಲು ಕೇಳಲು ಈಗ ಹೊಸಬನೊಬ್ಬ ಬಂದಿದ್ದಾನೆ. ಅವನ ಹೆಸರು ಕೃತಕ ಬುದ್ಧಿಮತ್ತೆ. ರಕ್ತದೊತ್ತಡ ಕುಸಿಯುವ ಮೊದಲೇ ಎಚ್ಚರಿಸುವ, ನಂಜೇರುತ್ತಿರುವ ರೋಗಿಯನ್ನು ಗುರುತಿಸುವ, ಅರಿವಳಿಕೆಯ ಮದ್ದನ್ನು ತಾನೇ ಅಳೆದು ಹರಿಸುವ ಯಂತ್ರಗಳು ಪ್ರಯೋಗಾಲಯದಿಂದ ಆಸ್ಪತ್ರೆಯೊಳಕ್ಕೆ ಕಾಲಿಟ್ಟಿವೆ. ಯಂತ್ರ ಮನುಷ್ಯನಿಗಿಂತ ಚೆನ್ನಾಗಿ ನೋಡಬಲ್ಲುದೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆದರೆ ಅರಿವಳಿಕೆಯ ಒಂದೂಮುಕ್ಕಾಲು ಶತಮಾನದ ಚರಿತ್ರೆಯನ್ನು ತಿರುವಿದರೆ ತೊಡಕು ಬೇರೆಡೆಗಿದೆ ಎಂದು ತೋರುತ್ತದೆ. ಅಲ್ಲಿ ಜೀವಗಳು ಹೋದದ್ದು ಹಲವು ಸಲ ಯಾರೂ ನೋಡದಿದ್ದುದರಿಂದಲ್ಲ, ನೋಡಿದ್ದನ್ನು ತಪ್ಪಾಗಿ ಓದಿದ್ದರಿಂದ.

ಯಾವುದನ್ನು ನೋಡಬೇಕು?

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿ ಕುಡಿಸಿ ರೋಗಿಯೊಬ್ಬನನ್ನು ಮಲಗಿಸಿದ. ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರನ್ ಅವನ ಕುತ್ತಿಗೆಯ ಗಡ್ಡೆಗೆ ಕತ್ತಿ ಹಾಕಿದರು. ರೋಗಿ ಚೀರಲಿಲ್ಲ. ಮರುವರ್ಷ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಬಳಸಿ ತೋರಿಸಿದರು. ಕೈಕಾಲು ಕಟ್ಟಿ, ನಾಲ್ಕಾರು ಜನ ಅದುಮಿ ಹಿಡಿದು ಮಾಡುತ್ತಿದ್ದ ಶಸ್ತ್ರಚಿಕಿತ್ಸೆಯ ಕಾಲ ಮುಗಿಯಿತೆಂದು ಲೋಕ ಸಂಭ್ರಮಿಸಿತು.

ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. 1848ರ ಜನವರಿ 28ರಂದು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಳಿಯ ವಿನ್ಲೇಟನ್ ಎಂಬ ಊರಿನಲ್ಲಿ ಹನ್ನಾ ಗ್ರೀನರ್ ಎಂಬ 15 ವರ್ಷದ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯಲು ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳು ಸತ್ತಳು. ಉಗುರಿಗಾಗಿ ಪ್ರಾಣ ಹೋಯಿತು. ಹಾಗಾದರೆ ಮಲಗಿಸಿದ ಮೇಲೆ ಏನನ್ನು ನೋಡುತ್ತಿರಬೇಕು? ಉಸಿರನ್ನೋ, ನಾಡಿಯನ್ನೋ?

ಮುಂದೆ ಲಂಡನ್ನಿನ ಕಾಲರಾ ಬೇನೆಗೆ ಕುಡಿಯುವ ನೀರೇ ಮೂಲವೆಂದು ತೋರಿಸಿ ಹೆಸರಾದ ಜಾನ್ ಸ್ನೋ, ವೃತ್ತಿಯಲ್ಲಿ ಅರಿವಳಿಕೆ ಕೊಡುತ್ತಿದ್ದವರು. ಈಥರ್ ಕುಡಿದವರು ಹಂತಹಂತವಾಗಿ ಹೇಗೆ ಅರಿವು ಕಳೆದುಕೊಳ್ಳುತ್ತಾರೆ ಎಂಬುದನ್ನು ಅವರು 1847ರಲ್ಲೇ ಐದು ಮಜಲುಗಳಾಗಿ ವಿಂಗಡಿಸಿದ್ದರು. ಆದರೂ ಉಸಿರು-ನಾಡಿಯ ಜಗಳ ಅರ್ಧ ಶತಮಾನ ಎಳೆಯಿತು. ಅದರ ದೊಡ್ಡ ಅಂಕ ನಡೆದದ್ದು ಹೈದರಾಬಾದಿನಲ್ಲಿ ಎಂಬುದು ಸೋಜಿಗದ ಸಂಗತಿ. ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಸೇರಿದ್ದ ಆ ನಿಜಾಮ ಸಂಸ್ಥಾನದ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿ, ಉಸಿರನ್ನು ನೋಡಿಕೊಂಡರೆ ಸಾಕು, ನಾಡಿಯ ಗೊಡವೆ ಬೇಡ ಎಂಬ ಪಂಥದವರು. 1888ರಲ್ಲಿ ಅವರು ಏರ್ಪಡಿಸಿದ ಆಯೋಗ ಅವರ ಮಾತನ್ನೇ ಎತ್ತಿಹಿಡಿಯಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಸಂಶಯಪಟ್ಟಾಗ, ಪತ್ರಿಕೆಯ ಪ್ರತಿನಿಧಿಯೇ ಬಂದು ನೋಡಲಿ ಎಂದು ನಿಜಾಮರ ಸರ್ಕಾರ ಹಣ ಕೊಟ್ಟಿತು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆದು, ಕ್ಲೋರೋಫಾರ್ಮ್ ಮೊದಲು ಉಸಿರನ್ನೇ ನಿಲ್ಲಿಸುತ್ತದೆ, ಹೃದಯ ಆಮೇಲೆ ನಿಲ್ಲುತ್ತದೆ ಎಂಬ ತೀರ್ಮಾನವೇ ಮತ್ತೆ ಹೊರಬಿತ್ತು.

ಅಷ್ಟು ಶ್ರದ್ಧೆಯಿಂದ, ಅಷ್ಟು ದೊಡ್ಡ ಸಂಖ್ಯೆಯ ಪ್ರಯೋಗಗಳಿಂದ ಬಂದ ಆ ತೀರ್ಮಾನ ಪೂರ್ತಿ ನಿಜವಾಗಿರಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯ, ಕ್ಲೋರೋಫಾರ್ಮಿನ ಮಂಪರು ಹಗುರವಾಗಿದ್ದಾಗಲೇ ಹೃದಯ ಲಯ ತಪ್ಪಿ ಅದುರುತ್ತ ಥಟ್ಟನೆ ನಿಂತುಬಿಡಬಹುದು ಎಂದು ಬೆಕ್ಕುಗಳಲ್ಲಿ ತೋರಿಸಿದರು. ಹೈದರಾಬಾದಿನಲ್ಲಿ ಮಾಹಿತಿಗೆ ಬರವಿರಲಿಲ್ಲ. ಆದರೆ ಅದೆಲ್ಲ ಮದ್ದು ಹೆಚ್ಚಾಗಿ ಸಾಯುವ ಪ್ರಾಣಿಗಳ ಮಾಹಿತಿ. ಮದ್ದು ಕಡಿಮೆಯಿದ್ದಾಗ, ಭಯ ಮತ್ತು ನೋವಿನ ನಡುವೆ ಬರುವ ಸಾವು ಆ ಲೆಕ್ಕದೊಳಗೆ ಬಂದಿರಲಿಲ್ಲ. ಇಂದಿನ ಕಲಿಯುವ ಯಂತ್ರಗಳ ವಿಷಯದಲ್ಲೂ ನೆನಪಿಡಬೇಕಾದ ಪಾಠ ಇದು.

ಕಾಗದದ ಮೇಲೆ ಚುಕ್ಕೆ

ಯಂತ್ರ ಕಲಿಯಬೇಕಾದರೆ ದಾಖಲೆ ಬೇಕು. ಅರಿವಳಿಕೆಯ ದಾಖಲೆಯ ಹುಟ್ಟಿಗೂ ಒಂದು ಸಾವೇ ಕಾರಣ. ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಯ ಪಿತಾಮಹ ಎನಿಸಿಕೊಂಡ ಹಾರ್ವಿ ಕುಷಿಂಗ್ ಬಾಸ್ಟನ್ನಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ ಅವರು ಈಥರ್ ಕೊಟ್ಟ ರೋಗಿಯೊಬ್ಬ ತೀರಿಕೊಂಡ. ಆಗ ಈಥರ್ ಕೊಡುವ ಕೆಲಸ ಬೀಳುತ್ತಿದ್ದುದೇ ಅನುಭವವಿಲ್ಲದ ವಿದ್ಯಾರ್ಥಿಗಳ ತಲೆಗೆ. ಆ ಘಟನೆ ಕುಷಿಂಗರನ್ನು ಬಿಡದೆ ಕಾಡಿತು. 1894ರಿಂದ ಅವರೂ ಅವರ ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ನರೂ ಶಸ್ತ್ರಚಿಕಿತ್ಸೆಯ ಉದ್ದಕ್ಕೂ ರೋಗಿಯ ನಾಡಿ, ಉಸಿರಾಟಗಳನ್ನು ಚೌಕುಳಿ ಕಾಗದದ ಮೇಲೆ ಚುಕ್ಕೆಯಿಟ್ಟು ಗುರುತಿಸತೊಡಗಿದರು. 1901ರಲ್ಲಿ ಇಟಲಿಯ ಪಾವಿಯಾಕ್ಕೆ ಹೋಗಿದ್ದಾಗ ಕುಷಿಂಗ್ ಅಲ್ಲಿ ರೀವಾ ರೊಚ್ಚಿಯವರ ರಕ್ತದೊತ್ತಡ ಅಳೆಯುವ ಪಟ್ಟಿಯನ್ನು ಕಂಡು ಅಮೆರಿಕಕ್ಕೆ ತಂದರು. ಚುಕ್ಕೆಗಳ ಸಾಲಿಗೆ ಇನ್ನೊಂದು ಸಾಲು ಸೇರಿತು.

ಚುಕ್ಕೆಯಿಡುವ ಪದ್ಧತಿ ತರುಣರ ಕಣ್ಣನ್ನು ರೋಗಿಯ ಕಡೆಗೆ ಕಟ್ಟಿಹಾಕಿತು. ಐದು ನಿಮಿಷಕ್ಕೊಮ್ಮೆ ಬರೆಯಬೇಕಾದವನು ಐದು ನಿಮಿಷಕ್ಕೊಮ್ಮೆಯಾದರೂ ನೋಡಲೇಬೇಕು. ಇಂದು ಅದೇ ಚುಕ್ಕೆಗಳನ್ನು ಕಂಪ್ಯೂಟರು ಸೆಕೆಂಡಿಗೆ ನೂರಾರು ಸಲ ತಾನೇ ಇಡುತ್ತದೆ. ಬಾಸ್ಟನ್ನಿನದೇ ಇನ್ನೊಂದು ಆಸ್ಪತ್ರೆಯ ತೀವ್ರ ನಿಗಾ ಘಟಕಗಳಲ್ಲಿ 2001ರಿಂದ 2012ರವರೆಗೆ ದಾಖಲಾದ ನಲವತ್ತು ಸಾವಿರದಷ್ಟು ರೋಗಿಗಳ ವಿವರಗಳನ್ನು, ಹೆಸರು ಗುರುತು ಅಳಿಸಿ, ಎಂಐಟಿ ಸಂಸ್ಥೆಯ ಸಂಶೋಧಕರು ಜಗತ್ತಿಗೆ ತೆರೆದಿಟ್ಟಿದ್ದಾರೆ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಆಸ್ಪತ್ರೆ 6,388 ಶಸ್ತ್ರಚಿಕಿತ್ಸೆಗಳ ಕ್ಷಣಕ್ಷಣದ ದಾಖಲೆಯನ್ನು 2022ರಲ್ಲಿ ಹೀಗೆಯೇ ಪ್ರಕಟಿಸಿತು. ಈ ಕ್ಷೇತ್ರದ ಕೃತಕ ಬುದ್ಧಿಮತ್ತೆಗೆ ಬಹುಪಾಲು ಪಾಠಶಾಲೆ ಇಂಥ ಕಡತಗಳೇ.

ಕೋಪನ್‌ಹೇಗನ್ನಿನ ಕೈಗಳು

ತೀವ್ರ ನಿಗಾ ಘಟಕ ಎಂಬ ಕಲ್ಪನೆ ಹುಟ್ಟಿದ್ದು ಡೆನ್ಮಾರ್ಕಿನ ರಾಜಧಾನಿಯಲ್ಲಿ. 1952ರ ಬೇಸಿಗೆಯಲ್ಲಿ ಕೋಪನ್‌ಹೇಗನ್ನಿಗೆ ಪೋಲಿಯೊ ಮಾರಿ ಹೊಕ್ಕಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು, ತರುಣರು ದಿನವೂ ಬ್ಲೆಗ್ಡಾಂ ಆಸ್ಪತ್ರೆಗೆ ಬರತೊಡಗಿದರು. ಅಲ್ಲಿದ್ದದ್ದು ಮೈಯನ್ನು ಪೆಟ್ಟಿಗೆಯೊಳಗಿಟ್ಟು ಉಸಿರಾಡಿಸುವ ಒಂದು ‘ಕಬ್ಬಿಣದ ಶ್ವಾಸಕೋಶ’ ಮತ್ತು ಎದೆಗೆ ಕಟ್ಟುವ ಆರು ಸಣ್ಣ ಸಾಧನಗಳು. ಮೊದಲ ವಾರಗಳಲ್ಲಿ ಅವುಗಳ ನೆರವು ಪಡೆದ 31 ರೋಗಿಗಳಲ್ಲಿ 27 ಜನ ಸತ್ತರು.

ಸಾಯುವವರ ರಕ್ತ ಪರೀಕ್ಷಿಸಿದಾಗ ಇಂಗಾಲದ ಡೈಆಕ್ಸೈಡಿನ ಒಟ್ಟು ಪ್ರಮಾಣ ಏರಿದ್ದು ಕಾಣುತ್ತಿತ್ತು. ರಕ್ತ ಯಾವುದೋ ತಿಳಿಯದ ಕಾರಣದಿಂದ ಕ್ಷಾರವಾಗುತ್ತಿದೆ ಎಂದು ವೈದ್ಯರು ಅದನ್ನು ಓದಿದರು. ಸಲಹೆಗೆಂದು ಕರೆಸಿದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದೇ ಅಂಕಿಯನ್ನು ನೋಡಿ ಬೇರೆಯೇ ಮಾತು ಹೇಳಿದರು. ರೋಗಿ ಒಳಗಿನ ಗಾಳಿಯನ್ನು ಹೊರಹಾಕಲಾರದೆ ಉಸಿರುಕಟ್ಟಿ ಸಾಯುತ್ತಿದ್ದಾನೆ. ಇದು ಅದರ ಗುರುತು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ದಿನವೂ ರೋಗಿಗಳ ಉಸಿರಾಟವನ್ನು ತಮ್ಮ ಕೈಯಿಂದ ನಡೆಸುತ್ತಿದ್ದವರಿಗೆ ಮಾತ್ರ ಹೊಳೆಯಬಹುದಾಗಿದ್ದ ಅರ್ಥ ಅದು.

ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳು ಸಾವಿನ ಅಂಚಿನಲ್ಲಿದ್ದಳು. ಅವಳ ಶ್ವಾಸನಾಳಕ್ಕೆ ರಂಧ್ರ ಮಾಡಿಸಿ, ಕೊಳವೆ ತೂರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಇಬ್ಸೆನ್ ಗಾಳಿ ತುಂಬಿದರು. ಹುಡುಗಿ ಬದುಕಿದಳು. ಆಮೇಲೆ ನಡೆದದ್ದು ವೈದ್ಯಕೀಯ ಚರಿತ್ರೆಯ ಮನಕಲಕುವ ಅಧ್ಯಾಯ. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು, ಹಾಸಿಗೆಯ ಪಕ್ಕ ಕೂತು, ಹಗಲೂ ರಾತ್ರಿ ಚೀಲ ಒತ್ತಿದರು. ಒಂದು ಹಂತದಲ್ಲಿ ಎಪ್ಪತ್ತು ರೋಗಿಗಳ ಉಸಿರು ಒಮ್ಮೆಗೇ ಹೀಗೆ ಬೇರೆಯವರ ಅಂಗೈಯಲ್ಲಿತ್ತು. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿದ್ದ ಸಾವಿನ ಪ್ರಮಾಣ ನಲವತ್ತರ ಆಸುಪಾಸಿಗೆ ಇಳಿಯಿತು. 1953ರ ಕೊನೆಗೆ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡು ತೆರೆದರು. ಜಗತ್ತಿನ ಮೊದಲ ತೀವ್ರ ನಿಗಾ ಘಟಕ ಎಂದು ಸಾಮಾನ್ಯವಾಗಿ ಒಪ್ಪಿರುವುದು ಅದನ್ನೇ.

ನೀರುಗಂಟಿಯ ಕೆಲಸ

ಕೈಯ ಕೆಲಸವನ್ನು ವೆಂಟಿಲೇಟರು ವಹಿಸಿಕೊಂಡಿತು. ಮದ್ದಿನ ಪ್ರಮಾಣ ನಿರ್ಧರಿಸುವ ಕೆಲಸವನ್ನೂ ಯಂತ್ರಕ್ಕೆ ಒಪ್ಪಿಸಬಹುದೇ? ಈ ಯೋಚನೆಯೂ ಹೊಸದಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ರೆಜಿನಾಲ್ಡ್ ಬಿಕ್‌ಫರ್ಡ್ 1950ರಲ್ಲೇ ಅಂಥದೊಂದು ಯಂತ್ರವನ್ನು ವರ್ಣಿಸಿದ್ದರು. ಮಂಪರು ಆಳವಾದಂತೆ ಮಿದುಳಿನ ವಿದ್ಯುತ್ ಅಲೆಗಳ ಬಲ ಕುಗ್ಗುತ್ತದೆ. ಆ ಬಲವನ್ನು ಅಳೆದು, ಅದು ಹೆಚ್ಚಾದರೆ ಮದ್ದನ್ನು ಹೆಚ್ಚು ಹರಿಸುವಂತೆ, ಕುಗ್ಗಿದರೆ ಕಡಿಮೆ ಹರಿಸುವಂತೆ ಅವರು ಪಿಚಕಾರಿಯೊಂದನ್ನು ಜೋಡಿಸಿದ್ದರು.

ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯ ಕೆಲಸವೂ ಇದೇ ಬಗೆಯದು. ಗದ್ದೆಯಲ್ಲಿ ನಿಂತ ನೀರು ನೋಡುತ್ತಾನೆ, ತೂಬು ತೆರೆಯುತ್ತಾನೆ, ಸಾಕಾಯಿತೆನಿಸಿದರೆ ಮುಚ್ಚುತ್ತಾನೆ. ನೋಡಿದ್ದು ಮಾಡುವುದನ್ನು ತಿದ್ದುತ್ತದೆ, ಮಾಡಿದ್ದು ಮುಂದೆ ನೋಡುವುದನ್ನು ಬದಲಿಸುತ್ತದೆ. ಇದಕ್ಕೆ ಎಂಜಿನಿಯರುಗಳು ಮುಚ್ಚಿದ ಸುತ್ತಿನ ನಿಯಂತ್ರಣ ಎನ್ನುತ್ತಾರೆ.

ಈ ಕ್ಷೇತ್ರದಲ್ಲಿ ಭಾರತದ್ದೇ ಆದ ಗಣ್ಯ ಸಾಧನೆಯೊಂದಿದೆ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಡಾ. ಗೋವರ್ಧನ್ ದತ್ತ ಪುರಿ ಮತ್ತು ಸಂಗಡಿಗರು ‘ಕ್ಲ್ಯಾಡ್ಸ್’ ಎಂಬ ಯಂತ್ರವ್ಯವಸ್ಥೆಯನ್ನು ರೂಪಿಸಿದರು. ಹಣೆಗೆ ಅಂಟಿಸಿದ ಪಟ್ಟಿಯಿಂದ ಮಿದುಳಿನ ಅಲೆಗಳನ್ನು ಪಡೆದು, ಅವನ್ನು ಸೊನ್ನೆಯಿಂದ ನೂರರವರೆಗಿನ ಒಂದೇ ಸಂಖ್ಯೆಯಾಗಿ ಮಾಡಿ ತೋರಿಸುವ ‘ಬಿಸ್’ ಎಂಬ ಮಾಪಕ 1996ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದಿತ್ತು. ಪೂರ್ತಿ ಎಚ್ಚರವಿದ್ದರೆ ಸಂಖ್ಯೆ ನೂರರ ಹತ್ತಿರ, ಶಸ್ತ್ರಚಿಕಿತ್ಸೆಗೆ ತಕ್ಕ ಮಂಪರಿನಲ್ಲಿ 40ರಿಂದ 60. ಈ ಸಂಖ್ಯೆಯನ್ನು ನೋಡುತ್ತ ಪ್ರೊಪೊಫಾಲ್ ಎಂಬ ಮದ್ದನ್ನು ತಾನೇ ಹೆಚ್ಚುಕಡಿಮೆ ಮಾಡುವುದು ಕ್ಲ್ಯಾಡ್ಸ್‌ನ ಕೆಲಸ. ದೇಶದ ಆರು ಕೇಂದ್ರಗಳಲ್ಲಿ 242 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಂತ್ರ ಶೇಕಡಾ 81ರಷ್ಟು ಕಾಲ ಮಂಪರನ್ನು ಗುರಿಯ ಆಸುಪಾಸಿನಲ್ಲಿ ಹಿಡಿದಿಟ್ಟಿತು. ಕೈಯಿಂದ ಮದ್ದು ಹೊಂದಿಸಿದವರಿಗೆ ಅದು ಸಾಧ್ಯವಾದದ್ದು ಶೇಕಡಾ 55ರಷ್ಟು ಕಾಲ. ಸಮುದ್ರ ಮಟ್ಟದಿಂದ 3,505 ಮೀಟರ್ ಎತ್ತರದ ಲೇಹ್‌ನಲ್ಲೂ ಅದನ್ನು ಬಳಸಿ ನೋಡಿದ್ದಾರೆ. ತಜ್ಞರು ವಿರಳವಾದ ದೇಶದಲ್ಲಿ, ಒಬ್ಬರೇ ಹಲವು ಕೆಲಸಗಳಿಗೆ ಕೈಹಚ್ಚಬೇಕಾದ ಕಡೆ, ಇಂಥ ಸಹಾಯಕನ ಬೆಲೆ ದೊಡ್ಡದು.

ಆದರೆ ನೀರುಗಂಟಿ ನೋಡುವುದು ಗದ್ದೆಯ ನೀರನ್ನೇ. ಯಂತ್ರ ನೋಡುವುದು ಮಂಪರನ್ನಲ್ಲ, ಮಂಪರಿನ ಬದಲಿಗೆ ಇಟ್ಟ ಸಂಖ್ಯೆಯನ್ನು. 2015ರಲ್ಲಿ ಆಸ್ಟ್ರೇಲಿಯಾದಲ್ಲಿ ಹತ್ತು ಮಂದಿ ಸ್ವಯಂಸೇವಕರು, ಅವರೆಲ್ಲ ವೈದ್ಯರೇ, ನಿದ್ರೆಯ ಮದ್ದಿಲ್ಲದೆ ಬರೀ ಸ್ನಾಯುಗಳನ್ನು ಸಡಿಲಿಸುವ ಮದ್ದು ಹಾಕಿಸಿಕೊಂಡರು. ಅವರು ಪೂರ್ತಿ ಎಚ್ಚರವಿದ್ದರು, ಆದರೆ ಸ್ನಾಯುಗಳು ಸಡಿಲಗೊಂಡು ಮಲಗಿದ್ದರು. ಮಾಪಕದ ಸಂಖ್ಯೆ ಕೆಲವರಲ್ಲಿ 50ಕ್ಕಿಂತ ಕೆಳಗಿಳಿಯಿತು. ಹಣೆಯ ಸ್ನಾಯುಗಳ ಸಂಕೇತವೂ ಲೆಕ್ಕದಲ್ಲಿ ಬೆರೆಯುವುದರಿಂದ ಆದ ಎಡವಟ್ಟು ಅದು. ಎಚ್ಚರವಿರುವವರನ್ನು ಯಂತ್ರ ‘ಗಾಢ ಮಂಪರು’ ಎಂದಿತ್ತು. ಅಂಥ ಹೊತ್ತಿನಲ್ಲಿ ನಾಡಿಯ ಓಟ, ಕಣ್ಣಂಚಿನ ನೀರು, ಹಣೆಯ ಬೆವರು ಇವನ್ನೂ ನೋಡುವವರು ಬೇಕು.

ಮಾರುಕಟ್ಟೆಯ ಲೆಕ್ಕಾಚಾರ ಇನ್ನೊಂದು ಬಗೆಯದು. ಕರುಳು ದರ್ಶನದಂಥ ಸಣ್ಣ ಪರೀಕ್ಷೆಗಳಿಗೆ ಮಂಪರು ಕೊಡಬಲ್ಲ ‘ಸೆಡಾಸಿಸ್’ ಎಂಬ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಕರು 2013ರಲ್ಲಿ ಒಪ್ಪಿಗೆ ಕೊಟ್ಟರು. ಕೊಳ್ಳುವವರು ಸಾಕಷ್ಟು ಬರಲಿಲ್ಲ. 2016ರಲ್ಲಿ ತಯಾರಕರು ಮಾರಾಟವನ್ನೇ ನಿಲ್ಲಿಸಿದರು.

ಮುಂದಾಗುವುದನ್ನು ಹೇಳುವ ಯಂತ್ರ

ಇಲ್ಲಿಯವರೆಗಿನ ಯಂತ್ರಗಳಿಗೆ ನಿಯಮಗಳನ್ನು ಮನುಷ್ಯರೇ ಬರೆದುಕೊಟ್ಟಿದ್ದರು. ಹೊಸ ಪೀಳಿಗೆಯ ಯಂತ್ರಗಳು ನಿಯಮವನ್ನು ಹಳೆಯ ದಾಖಲೆಗಳಿಂದ ತಾವೇ ಹೆಕ್ಕಿಕೊಳ್ಳುತ್ತವೆ. ಸಾವಿರಾರು ರೋಗಿಗಳ ರಕ್ತದೊತ್ತಡದ ಅಲೆಗಳನ್ನು ಕಂಪ್ಯೂಟರಿಗೆ ಉಣಿಸಿ, ‘ಇವರ ಒತ್ತಡ ಆಮೇಲೆ ಕುಸಿಯಿತು, ಇವರದು ಕುಸಿಯಲಿಲ್ಲ’ ಎಂದು ತಿಳಿಸಿದರೆ, ಎರಡು ಗುಂಪುಗಳ ನಡುವಿನ ವ್ಯತ್ಯಾಸವನ್ನು ಅದು ಹುಡುಕಿಕೊಳ್ಳುತ್ತದೆ. ಆಮೇಲೆ ಹೊಸ ರೋಗಿಯ ಅಲೆ ನೋಡಿ ಭವಿಷ್ಯ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಇಂಥದೊಂದು ಸೂಚ್ಯಂಕ 1,334 ರೋಗಿಗಳ ದಾಖಲೆಗಳಿಂದ ಕಲಿತಿತ್ತು. ಒತ್ತಡ ಕುಸಿಯುವುದನ್ನು ಹದಿನೈದು ನಿಮಿಷ ಮೊದಲೇ ಹೇಳಬಲ್ಲೆ ಎಂಬುದು ಅದರ ಭರವಸೆ. ಒತ್ತಡ ಬಹಳ ಹೊತ್ತು ಕುಸಿದೇ ಇದ್ದರೆ ಮೂತ್ರಪಿಂಡ, ಹೃದಯಗಳಿಗೆ ಕುತ್ತು. ಹಾಗಾಗಿ ಹದಿನೈದು ನಿಮಿಷ ಸಣ್ಣ ವರವಲ್ಲ.

2020ರಲ್ಲಿ ಆಮ್‌ಸ್ಟರ್‌ಡ್ಯಾಂನಿಂದ ಬಂದ ಸಣ್ಣ ಅಧ್ಯಯನವೊಂದು ಭರವಸೆಯನ್ನು ಎತ್ತಿಹಿಡಿಯಿತು. ಲೆಕ್ಕಕ್ಕೆ ಸಿಕ್ಕ 60 ರೋಗಿಗಳಲ್ಲಿ, ಯಂತ್ರದ ಎಚ್ಚರಿಕೆಯಂತೆ ಚಿಕಿತ್ಸೆ ಪಡೆದವರ ಒತ್ತಡ ಕುಸಿದಿದ್ದ ಹೊತ್ತು ಸುಮಾರು ಎಂಟು ನಿಮಿಷ. ಉಳಿದವರಲ್ಲಿ ಸುಮಾರು 33 ನಿಮಿಷ. ಅದೇ ವರ್ಷ ಅಮೆರಿಕದಿಂದ ಬಂದ, 214 ರೋಗಿಗಳ ಅಧ್ಯಯನದಲ್ಲಿ ಅಂಥ ಲಾಭವೇನೂ ಕಾಣಲಿಲ್ಲ. ಎಚ್ಚರಿಕೆ ಬಂದರೂ ಬಹಳ ಸಲ ವೈದ್ಯರು ಚಿಕಿತ್ಸೆ ಬದಲಿಸಿರಲಿಲ್ಲ. 2022ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಕಲಿಕೆಯ ಬುಡಕ್ಕೇ ಕೈಹಾಕಿದರು. ‘ಕುಸಿಯದವರು’ ಎಂಬ ಗುಂಪಿಗೆ ಒತ್ತಡ 75ಕ್ಕಿಂತ ಮೇಲಿದ್ದ ಹೊತ್ತನ್ನು ಮಾತ್ರ ಆರಿಸಿ, 65ರಿಂದ 75ರ ನಡುವಿನ ಅನುಮಾನದ ಪಟ್ಟಿಯನ್ನು ಬಿಟ್ಟುಬಿಟ್ಟರೆ, ಆ ಪಟ್ಟಿಯೊಳಗೆ ಬಂದವರೆಲ್ಲ ಕುಸಿಯುವವರೇ ಎಂದು ಯಂತ್ರ ಕಲಿಯುತ್ತದೆ. ಆಗ ಅದು ಹೇಳುವ ಭವಿಷ್ಯ ಬಹುಮಟ್ಟಿಗೆ ಈಗಿನ ಒತ್ತಡದ ನೆರಳೇ. ಹೈದರಾಬಾದಿನ ಆಯೋಗಕ್ಕೆ ಆದದ್ದೂ ಇದೇ ತಾನೆ? ಲೆಕ್ಕ ತಪ್ಪಿರಲಿಲ್ಲ, ಲೆಕ್ಕಕ್ಕೆ ಆರಿಸಿಕೊಂಡದ್ದು ತಪ್ಪಿತ್ತು.

ಗಂಟೆ ಬಾರಿಸುವವರು

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಒಂದು ಕ್ಷಣ ನಿಂತವರ ಕಿವಿಗೂ ಮೊದಲು ಬೀಳುವುದು ಯಂತ್ರಗಳ ಕೂಗು. 2014ರಲ್ಲಿ ಪ್ರಕಟವಾದ ಸ್ಯಾನ್‌ಫ್ರಾನ್ಸಿಸ್ಕೊದ ಅಧ್ಯಯನವೊಂದು ಐದು ಘಟಕಗಳ 461 ರೋಗಿಗಳ ಯಂತ್ರಗಳನ್ನು 31 ದಿನ ಗಮನಿಸಿತು. ದಾಖಲಾದ ಎಚ್ಚರಿಕೆಗಳು 25 ಲಕ್ಷಕ್ಕೂ ಹೆಚ್ಚು. ಕಿವಿಗೆ ಕೇಳುವಂಥವು ದಿನಕ್ಕೆ ಹಾಸಿಗೆಯೊಂದಕ್ಕೆ 187. ಹೃದಯದ ಲಯ ತಪ್ಪಿತೆಂದು ಕೂಗಿದ ಹನ್ನೆರಡು ಸಾವಿರಕ್ಕೂ ಹೆಚ್ಚು ಸಲವನ್ನು ಒಂದೊಂದಾಗಿ ಪರೀಕ್ಷಿಸಿದಾಗ ಶೇಕಡಾ 89ರಷ್ಟು ಸುಳ್ಳು ಕೂಗುಗಳೆಂದು ತಿಳಿಯಿತು. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕತೆ ಕೇಳಿ ಬೆಳೆದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ನರ್ಸುಗಳ ಕಿವಿ ಮರಗಟ್ಟುತ್ತದೆ. ನಿಜವಾದ ತೋಳ ಬಂದ ರಾತ್ರಿ ಯಾರೂ ಓಡಿಬರುವುದಿಲ್ಲ.

ಇಷ್ಟು ಕೂಗುಗಳಲ್ಲಿ ನಿಜವಾದುದನ್ನು ಹೆಕ್ಕಿಕೊಡಲಿ ಎಂದೇ ಕೃತಕ ಬುದ್ಧಿಮತ್ತೆಯನ್ನು ಕರೆದದ್ದು. ಮುಖ್ಯವಾಗಿ ಸೆಪ್ಸಿಸ್‌ಗಾಗಿ. ಸೋಂಕಿಗೆ ಮೈಯೇ ತಿರುಗಿಬಿದ್ದು ಒಂದೊಂದಾಗಿ ಅಂಗಗಳು ಸೋಲುವ, ಆಡುಮಾತಿನಲ್ಲಿ ನಂಜೇರುವುದು ಎನ್ನುವ ಸ್ಥಿತಿ ಅದು. ಬೇಗ ಗುರುತಿಸಿದರೆ ಬದುಕು, ತಡವಾದರೆ ಸಾವು. ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಮುನ್ಸೂಚನಾ ವ್ಯವಸ್ಥೆಯನ್ನು ಮಿಷಿಗನ್ ವಿಶ್ವವಿದ್ಯಾಲಯದವರು ತಮ್ಮ 27,697 ರೋಗಿಗಳ ದಾಖಲೆಗಳ ಮೇಲೆ ಒರೆಹಚ್ಚಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ನಂಜೇರಿದವರಲ್ಲಿ ಮೂರರಲ್ಲಿ ಎರಡು ಪಾಲು ಜನರನ್ನು ಅದು ಗುರುತಿಸಿರಲೇ ಇಲ್ಲ. ಇನ್ನೊಂದು ಕಡೆ, ದಾಖಲಾದ ಪ್ರತಿ ನೂರರಲ್ಲಿ 18 ಪ್ರಕರಣಗಳಿಗೆ ಗಂಟೆ ಬಾರಿಸಿತ್ತು.

ಮರುವರ್ಷವೇ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಐದು ಆಸ್ಪತ್ರೆಗಳಿಂದ ಬೇರೆ ವ್ಯವಸ್ಥೆಯೊಂದರ ಬಗ್ಗೆ ಒಳ್ಳೆಯ ಸುದ್ದಿ ಬಂತು. ಎಚ್ಚರಿಕೆ ಬಂದ ಮೂರು ಗಂಟೆಯೊಳಗೆ ವೈದ್ಯರೋ ನರ್ಸೋ ರೋಗಿಯನ್ನು ನೋಡಿ ಹೌದೆಂದು ದೃಢಪಡಿಸಿದ ಕಡೆ ಸಾವಿನ ಪ್ರಮಾಣ, ಹಾಗಾಗದ ಕಡೆಗಿಂತ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಿತ್ತು. ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪರೀಕ್ಷೆ ಅದಲ್ಲವಾದ್ದರಿಂದ ಶ್ರೇಯಸ್ಸೆಲ್ಲ ಯಂತ್ರದ್ದೇ ಎನ್ನಲಾಗದು. ಆದರೆ ಒಂದು ಮಾತು ಸ್ಪಷ್ಟ: ಅಲ್ಲಿ ಅಳೆದದ್ದು ಯಂತ್ರದ ಕೂಗನ್ನಷ್ಟೇ ಅಲ್ಲ, ಕೂಗಿಗೆ ಮನುಷ್ಯರು ಎದ್ದು ಬಂದದ್ದನ್ನು.

ಆರೈಕೆಯನ್ನೇ ರೋಗ ಎಂದುಕೊಂಡರೆ

ದಾಖಲೆಯಿಂದ ಕಲಿಯುವ ಯಂತ್ರ ಎಷ್ಟು ವಿಚಿತ್ರವಾಗಿ ಎಡವಬಹುದು ಎಂಬುದಕ್ಕೆ ತಜ್ಞರು ಮತ್ತೆ ಮತ್ತೆ ನೆನೆಯುವ ಉದಾಹರಣೆಯೊಂದಿದೆ. 1990ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ರಿಚ್ ಕರುವಾನಾ ಮತ್ತು ಇತರರು ನ್ಯುಮೋನಿಯಾ ರೋಗಿಗಳಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು, ಯಾರನ್ನು ಮನೆಗೆ ಕಳಿಸಬಹುದು ಎಂದು ಹೇಳುವ ಮಾದರಿಗಳನ್ನು ಕಟ್ಟುತ್ತಿದ್ದರು. ಒಂದು ಮಾದರಿ ದಾಖಲೆಗಳಿಂದ ಅಚ್ಚರಿಯ ನಿಯಮ ಹೆಕ್ಕಿತು: ಆಸ್ತಮಾ ಇರುವವರಿಗೆ ನ್ಯುಮೋನಿಯಾ ಬಂದರೆ ಸಾಯುವ ಅಪಾಯ ಕಡಿಮೆ! ಯಾವ ಹಳ್ಳಿಯ ಡಾಕ್ಟರೂ ಒಪ್ಪದ ಮಾತಿದು.

ಆದರೆ ಅಂಕಿ ಸುಳ್ಳಾಗಿರಲಿಲ್ಲ. ಆಸ್ತಮಾ ಇದ್ದವರಿಗೆ ನ್ಯುಮೋನಿಯಾ ಎಂದು ತಿಳಿದ ಕೂಡಲೇ ವೈದ್ಯರು ಗಾಬರಿಯಾಗಿ ಅವರನ್ನು ನೇರ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದರು. ಅಲ್ಲಿನ ಆರೈಕೆಯಿಂದ ಅವರು ಬದುಕುತ್ತಿದ್ದರು. ವೈದ್ಯರ ಗಾಬರಿ, ನರ್ಸುಗಳ ರಾತ್ರಿಪಾಳಿ ಯಾವುದೂ ಯಂತ್ರಕ್ಕೆ ಕಾಣಲಿಲ್ಲ. ಬದುಕಿದರು ಎಂಬುದಷ್ಟೇ ಕಂಡಿತು. ಆರೈಕೆಯ ಫಲವನ್ನು ಅದು ರೋಗದ ಗುಣವೆಂದು ತಿಳಿಯಿತು. ಅದರ ಮಾತು ನಂಬಿ ಆಸ್ತಮಾ ರೋಗಿಗಳನ್ನು ಮನೆಗೆ ಕಳಿಸಿದ್ದರೆ ಅವರನ್ನು ಉಳಿಸುತ್ತಿದ್ದುದೇ ತಪ್ಪಿಹೋಗುತ್ತಿತ್ತು. ನಿಯಮ ಕಣ್ಣಿಗೆ ಕಾಣುವಂತೆ ಬರೆದಿದ್ದ ಮಾದರಿಯಾದ್ದರಿಂದ ತಪ್ಪು ಸಿಕ್ಕಿತು. ಹೆಚ್ಚು ಚುರುಕಾಗಿದ್ದ, ಆದರೆ ಒಳಗೇನಿದೆಯೆಂದು ತೋರಿಸದ ಇನ್ನೊಂದು ಮಾದರಿಯಲ್ಲೂ ಇಂಥದ್ದು ಅಡಗಿರಬಹುದೆಂದು ಹೆದರಿ ಅದನ್ನು ರೋಗಿಗಳ ಮೇಲೆ ಬಳಸಲಿಲ್ಲ.

ದಾಖಲೆ ಯಾರದು ಎಂಬ ಪ್ರಶ್ನೆಯೂ ಇದೆ. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂತು. ಅದರ ತತ್ತ್ವವನ್ನು 1970ರ ದಶಕದಲ್ಲಿ ಕಂಡುಕೊಟ್ಟವರು ಜಪಾನಿನ ಟಕುವೊ ಅಯೋಯಗಿ. ಬೆಳಕು ಚರ್ಮವನ್ನು ಹಾಯ್ದು ಬರುವುದರ ಮೇಲೆ ನಿಂತ ಸಾಧನವದು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಪ್ರಕಾರ, ಆಕ್ಸಿಮೀಟರ್ ‘ಪರವಾಗಿಲ್ಲ’ ಎನ್ನುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಕುಸಿದಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಅಂಥ ಅಂಕಿಗಳಿಂದಲೇ ಕಲಿತ ಯಂತ್ರ ಆ ತಪ್ಪನ್ನೂ ಕಲಿತಿರುತ್ತದೆ. ಬಾಸ್ಟನ್ನಿನಲ್ಲೋ ಸೋಲ್‌ನಲ್ಲೋ ಕಲಿತ ಯಂತ್ರ ಇಲ್ಲಿಯ ಮೈಬಣ್ಣ, ಇಲ್ಲಿಯ ರೋಗ, ಇಲ್ಲಿಯ ಆಸ್ಪತ್ರೆಗೆ ಹೊಂದುತ್ತದೆಯೇ ಎಂಬುದನ್ನು ಇಲ್ಲಿಯೇ ಪರೀಕ್ಷಿಸದೆ ಹೇಳಲಾಗದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರತಂದ ಮಾರ್ಗಸೂಚಿಯೂ ಆರೋಗ್ಯ ಕ್ಷೇತ್ರದ ಕೃತಕ ಬುದ್ಧಿಮತ್ತೆಯ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಲೇಬೇಕು ಎನ್ನುತ್ತದೆ.

ಇದರಿಂದ ಯಂತ್ರಗಳೇ ಬೇಡವೆಂಬ ತೀರ್ಮಾನಕ್ಕೆ ಬರಬೇಕಿಲ್ಲ. ರಾತ್ರಿ ಮೂರು ಗಂಟೆಗೆ ಮನುಷ್ಯನ ಕಣ್ಣು ಕೂರುತ್ತದೆ, ಯಂತ್ರದ್ದು ಕೂರುವುದಿಲ್ಲ. ಕುಷಿಂಗರ ಚುಕ್ಕೆ ಕಾಗದ, ರೀವಾ ರೊಚ್ಚಿಯ ಪಟ್ಟಿ, ವೆಂಟಿಲೇಟರು, ಆಕ್ಸಿಮೀಟರು ಒಂದೊಂದೂ ಬಂದಾಗ ಅನುಮಾನಪಟ್ಟವರಿದ್ದರು. ಒಂದೊಂದೂ ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ. ಕೃತಕ ಬುದ್ಧಿಮತ್ತೆಯೂ ಆ ಸಾಲಿಗೆ ಸೇರಲಿದೆ. ಹೊಸ ಯಂತ್ರ ತರುವ ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ಇದು ಯಾರ ದಾಖಲೆಗಳಿಂದ ಕಲಿತಿದೆ? ಇಲ್ಲಿಯ ರೋಗಿಗಳ ಮೇಲೆ ಒರೆಹಚ್ಚಿದ್ದಾರೆಯೇ? ಇದು ಕೂಗಿದಾಗ ಎದ್ದು ಬರಲು ಎಷ್ಟು ಜನರಿದ್ದಾರೆ? ಯಂತ್ರ ಬಂತೆಂದು ರಾತ್ರಿಪಾಳಿಯ ನರ್ಸುಗಳನ್ನು ಕಡಿಮೆ ಮಾಡಿದರೆ ಗಂಟೆ ಮಾತ್ರ ಉಳಿಯುತ್ತದೆ.

ಕೋಪನ್‌ಹೇಗನ್ನಿನಲ್ಲಿ ಚೀಲ ಒತ್ತಿದ ವಿದ್ಯಾರ್ಥಿಗಳಿಗೆ ಇಂದಿನ ಯಾವ ಮಾಪಕವೂ ಇರಲಿಲ್ಲ. ಮಾತಾಡಲಾರದ ಮಕ್ಕಳ ಮುಖ ನೋಡಿ, ಗಾಳಿ ಸಾಕೇ ಸಾಲದೇ ಎಂದು ಅವರು ತಿಳಿಯುತ್ತಿದ್ದರು. ಕೆಲವು ಮಕ್ಕಳು ಅವರು ನೋಡುತ್ತಿರುವಂತೆಯೇ ರಾತ್ರಿ ತೀರಿಕೊಂಡವು. ಬೆಳಿಗ್ಗೆ ಪಾಳಿ ಬದಲಾಗುತ್ತಿತ್ತು. ಹಿಂದಿನವರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಬಂದು ಕೂರುತ್ತಿದ್ದರು. ಇಂದಿನ ಘಟಕಗಳಲ್ಲಿ ಆ ಕುರ್ಚಿಯ ಎದುರು ಪರದೆಗಳು ಬಂದಿವೆ, ಪರದೆಯ ಹಿಂದೆ ಕಲಿಯುವ ಯಂತ್ರ ಬಂದಿದೆ. ಹೊರಗೆ ಬೆಂಚಿನ ಮೇಲೆ ಕಾದು ಕೂತ ಮನೆಯವರು ಮಾತ್ರ ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಾರೆ. ಅವರಿಗೆ ಬೇಕಾದ ಉತ್ತರವನ್ನು ಹೊರಗೆ ಬಂದು ಹೇಳಬೇಕಾದವರು ಈಗಲೂ ಆ ಕುರ್ಚಿಯಲ್ಲಿ ಕೂತವರೇ.